ಹನ್ನೊಂದು ಗಂಟೆಯ ವೋಲ್ಟೇಜು

ಮಾನ್ಯ ವಿದ್ಯುತ್ ಶಾಖಾಧಿಕಾರಿಗಳೇ,

ನಿಮ್ಮವರು ನಮ್ಮ ಬೀದಿಗೆ ಯಾವಾಗಲೂ ಹನ್ನೊಂದು ಗಂಟೆಗೇ ಏಕೆ ಬರುತ್ತಾರೆ? ಆ ಹೊತ್ತಿಗೆ ಅರಕೆರೆ ಕಡೆಯ ನಮ್ಮ ಹಳ್ಳಿಯ ಜನವೆಲ್ಲ ಗದ್ದೆಯಲ್ಲಿರುತ್ತಾರೆ. ಹೀಟರು, ಮಿಕ್ಸಿ, ಮೋಟರು ಯಾವುದೂ ಓಡುವುದಿಲ್ಲ. ನಿಮ್ಮವರು ಮೀಟರು ಹಿಡಿದು ಇನ್ನೂರ ಮೂವತ್ತು ವೋಲ್ಟು ಎನ್ನುತ್ತಾರೆ, 'ಲೈನು ಸರಿಯಿದೆ, ಗ್ರಾಹಕರ ವೈರಿಂಗ್ ದೋಷ' ಎಂದು ಬರೆದು ಹೊರಟುಬಿಡುತ್ತಾರೆ. ಇದನ್ನು ಕಾಕತಾಳೀಯ ಎಂದು ನಂಬುವಷ್ಟು ಒಳ್ಳೆಯವನು ನಾನಲ್ಲ.

ನಮ್ಮ ಬೆಳಗು ಹೇಗಿರುತ್ತದೆ ಗೊತ್ತೆ? ಆರು ಗಂಟೆಗೆ ನಮ್ಮ ಮನೆಯ ಬಲ್ಬು ಸಿಡಿದುಹೋಗುವಂತೆ ಉರಿಯುತ್ತದೆ. ಅದೇ ಗಳಿಗೆಯಲ್ಲಿ ಪಕ್ಕದ ಜವರಯ್ಯಮಾವನ ಮನೆಯ ಬಲ್ಬು ಕುಂಬಳದ ಹೂವಿನಂತೆ ಹಳದಿಗೆ ತಿರುಗುತ್ತದೆ. ಮಾವ ಬೇಸತ್ತು ತನ್ನ ಮನೆಯ ನ್ಯೂಟ್ರಲ್ ತಂತಿಯನ್ನು, ಅಂದರೆ ಕರೆಂಟು ವಾಪಸು ಹೋಗುವ ತಂತಿಯನ್ನು, ನೀರಿನ ಕಬ್ಬಿಣದ ಪೈಪಿಗೆ ಕಟ್ಟಿಬಿಟ್ಟ. ಬೀದಿಗೆಲ್ಲ ಒಂದೇ ಪೈಪು. ತುಂಬಿದ ಬಸುರಿ ನನ್ನ ಅತ್ತಿಗೆ ರಂಜಿತ ನಮ್ಮ ನಲ್ಲಿ ತಿರುಗಿಸಲು ಹೋಗಿ ಕರೆಂಟು ಹೊಡೆದು ಬಿದ್ದಳು. ತಾಯಿ ಮಗು ಉಳಿದದ್ದು ದೇವರ ದಯೆ, ಇಲಾಖೆಯದಲ್ಲ.

ಕೇಳಿದ್ದಕ್ಕೆ ಮಾವ ಕೂಗಾಡಿದ: "ಆ ಲೈನ್‌ಮ್ಯಾನೇ ಯೇಳಿದ್ದು ಕಣ್ಲಾ, ಪೈಪಿಗೆ ಕಟ್ಕೊ, ಬಲ್ಪು ನೆಟ್ಟಗುರೀತದೆ ಅಂತ. ಈಗ ನಾನು ಕಳ್ಳನಾ?" ಲೈನ್‌ಮ್ಯಾನ್ ಮಾತ್ರ, "ನಾನ್ಯಾವಾಗಪ್ಪ ಅಂದೆ?" ಎಂದ. ಬಾಯಲ್ಲಿ ಕೊಟ್ಟ ಸಲಹೆಗೆ ರಸೀದಿ ಇರುವುದಿಲ್ಲವಲ್ಲ.

ನಾನು ಓದಿದ್ದು ಐದನೆಯ ತರಗತಿ, ಕೆಲಸ ಆಲೆಮನೆಯಲ್ಲಿ. ನಿಮ್ಮ ಕಚೇರಿಯ ಬಾಗಿಲಲ್ಲಿ ನಿಂತರೆ ಮಾತು ಹೊರಡುವುದಿಲ್ಲ. ಅದಕ್ಕೇ ಒಂದು ಮೀಟರು ಕೊಂಡು ಅಳೆಯಲು ಕಲಿತೆ. ಮೊದಮೊದಲು ಹಗಲು ಹೊತ್ತಲ್ಲಿ ಅಳೆದಾಗ ನನಗೂ ಇನ್ನೂರ ಮೂವತ್ತೇ ಬಂತು. ಮೀಟರಿನ ಮೇಲೆಯೇ ಅನುಮಾನವಾಯಿತು. ಪಾಂಡವಪುರದಲ್ಲಿ ಸುಟ್ಟ ಮೋಟರಿಗೆ ತಂತಿ ಸುತ್ತಿಕೊಡುವ ನಿಂಗರಾಜಣ್ಣ ನಕ್ಕರು: "ಲೇ, ಖಾಲಿ ಗಾಡಿ ಎಂಥಾ ಮೋರಿ ಮ್ಯಾಲೂ ಓಯ್ತದೆ ಕಣ್ಲಾ. ಕಬ್ಬು ತುಂಬಿ ಓಡ್ಸು, ಮೋರಿ ಯೋಗ್ತೆ ಗೊತ್ತಾಯ್ತದೆ." ಮಾರನೆಯ ಬೆಳಿಗ್ಗೆ ಬೀದಿಯೆಲ್ಲ ಹೀಟರು ಹಾಕಿದ್ದಾಗ ಅಳೆದೆ. ನಮ್ಮಲ್ಲಿ ಇನ್ನೂರ ತೊಂಬತ್ತು, ಮಾವನಲ್ಲಿ ನೂರೈವತ್ತು. ನಿಂಗರಾಜಣ್ಣ ಹೇಳಿಕೊಟ್ಟಂತೆ ಮೇನ್ ಸ್ವಿಚ್ಚು ಇಳಿಸಿ, ಕಂಬದಿಂದ ಬರುವ ತಂತಿಯಲ್ಲೇ ಹಿಡಿದೆ. ಆಗಲೂ ಇನ್ನೂರ ತೊಂಬತ್ತು! ಮನೆಯ ವೈರಿಂಗನ್ನೇ ಬೇರ್ಪಡಿಸಿದ ಮೇಲೂ ದೋಷ ಮನೆಯದು ಹೇಗಾಯಿತು ಸ್ವಾಮಿ? ಕಂಬದ ಮೇಲೆ ನ್ಯೂಟ್ರಲ್ ಜಾಯಿಂಟು ಸಡಿಲವಾಗಿದೆ, ಅದಕ್ಕೇ ಲೋಡು ಬಿದ್ದಾಗ ಒಂದು ಮನೆಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಹೋಗುತ್ತದೆ ಎಂದು ನಿಂಗರಾಜಣ್ಣ ಹೇಳುತ್ತಾರೆ. ಅದು ನಿಮಗೆ ತಿಳಿಯದ್ದೋ, ತಿಳಿಯಬಾರದ್ದೋ?

ಬೆಳಿಗ್ಗೆ ಬಂದು ನೋಡಿ ಎಂದು ಲೈನ್‌ಮ್ಯಾನನ್ನು ಹೇಗೋ ಧೈರ್ಯ ಮಾಡಿ ಕೇಳಿದೆ. "ಆರು ಗಂಟೆಗೆ ಬರಕ್ಕೆ ನಾನೇನು ಹಾಲಿನವ್ನೇನ್ಲಾ?" ಎಂದ.

ಜವರಯ್ಯಮಾವ ತಂತಿ ಬಿಚ್ಚಿದ್ದಾನೆ. ಆದರೂ ಬೆಳಗಿನ ಹೊತ್ತು ನಮ್ಮ ನಲ್ಲಿಗೆ ಮೀಟರಿನ ಕಡ್ಡಿ ಮುಟ್ಟಿಸಿದರೆ ನಲವತ್ತು ವೋಲ್ಟಿನ ಮೇಲೆ ತೋರಿಸುತ್ತದೆ. ಇನ್ನಾರೋ ಕಟ್ಟಿದ್ದಾರೆ. ಯಾರು? ಕೇಳಿದರೆ ಎಲ್ಲರೂ ಇಲ್ಲವೆನ್ನುತ್ತಾರೆ, ಏಕೆಂದರೆ ನೀವು ದಂಡ ಹಾಕುತ್ತೀರಿ. ನಿಮ್ಮ ಸಡಿಲ ತಂತಿಗೆ ಹೆದರಿ ಕಟ್ಟಿದರು, ನಿಮ್ಮ ದಂಡಕ್ಕೆ ಹೆದರಿ ಮುಚ್ಚಿಟ್ಟರು. ನಾನು ಬೆಳೆದ ಬೀದಿಯಲ್ಲಿ ಒಂದೊಂದು ಮನೆಯ ಗೋಡೆಯನ್ನೂ ಕದ್ದು ನೋಡುತ್ತಾ ನಡೆಯುವಂತಾಗಿದೆ. ಅತ್ತಿಗೆ ಕೆ.ಆರ್. ಪೇಟೆಯ ತವರಿನಲ್ಲಿದ್ದಾಳೆ. ಬಾಣಂತನ ಮುಗಿದಿದೆ. ಕರೆಯಲು ಫೋನು ಮಾಡಿದರೆ ಅವಳ ತಾಯಿ ಮಂಗಳಮ್ಮ, "ಮೊದ್ಲು ಆ ನಲ್ಲೀಲಿ ಬರೋದು ನೀರೋ ಕರೆಂಟೋ ಯೇಳ್ರಪ್ಪ, ಆಮ್ಯಾಕೆ ಕೂಸ್ನ ಕಳಿಸ್ತೀನಿ" ಎನ್ನುತ್ತಾರೆ. ಫೋನಿಟ್ಟು ಮತ್ತೆ ನಲ್ಲಿಗೆ ಮೀಟರಿನ ಕಡ್ಡಿ ಮುಟ್ಟಿಸಿ ನೋಡುತ್ತೇನೆ.

ನಾನು ಕೇಳುವುದು ಇಷ್ಟೆ. ಹೀಟರುಗಳು ಓಡುವ ಹೊತ್ತಿಗೆ ಬಂದು ನಮ್ಮೆದುರೇ ಅಳೆಯಿರಿ, ಕಂಬದ ಜಾಯಿಂಟು ಬಿಗಿಸಿ. ಆಮೇಲೆ, ಪೈಪಿಗೆ ಕಟ್ಟಿದ ತಂತಿ ಬಿಚ್ಚಿದವರಿಗೆ ದಂಡವಿಲ್ಲ ಎಂದು ಊರಲ್ಲಿ ತಮಟೆ ಹೊಡೆಸಿ. ಬಂದಾಗ ಬಾಯಾರಿದರೆ ಮನೆಯೊಳಗಿನ ಕೊಡದ ನೀರು ಕೊಡುತ್ತೇವೆ. ದಯವಿಟ್ಟು ನಲ್ಲಿ ಮುಟ್ಟಬೇಡಿ. ನಿಮ್ಮ ಮನೆಯಲ್ಲೂ ಮಕ್ಕಳಿರಬಹುದು.

ಇಂತಿ,
ಅಣ್ಣನ ಮಗುವಿನ ಮುಖವನ್ನು ಇನ್ನೂ ಫೋನಿನಲ್ಲೇ ನೋಡುತ್ತಿರುವ
ಕನಕರಾಜು