ದೇವರ ಜೊತೆ ಮಾತು ಬಿಟ್ಟ ಅಪ್ಪ

ಆನಂದಪುರದ ಹತ್ತಿರ, ಹೊಸ ಬಿಡಾರ
೨೪ ಮೇ ೧೯೬೪

ನನ್ನ ಮುದ್ದು ಲಿಲ್ಲಿ,

ಎರಡೂ ಕೆನ್ನೆಗೆ ಅಮ್ಮನ ಮುತ್ತು. ಮಂಗಳೂರಿನ ಸೆಕೆಯಲ್ಲಿ ನಿನ್ನ ನರ್ಸ್ ಪಾಠ ಹೇಗೆ ನಡೆಯುತ್ತಿದೆ? ನಾವು ಚೆನ್ನಾಗಿದ್ದೇವೆ. ನಿನ್ನಪ್ಪ ಮತ್ತೆ ದೇವರ ಜೊತೆ ಮಾತಾಡುತ್ತಿದ್ದಾರೆ. ಅದನ್ನು ಹೇಳಲೆಂದೇ ಬರೆಯಲು ಕೂತೆ.

ಅಣೆಕಟ್ಟಿನ ನೀರು ಬರುತ್ತದೆಂದು ಮನೆ ಬಿಟ್ಟು ಬಂದ ದಿನವೇ ಅವರು ಮಾತು ಬಿಟ್ಟಿದ್ದರು. ನನ್ನ ಜೊತೆಗಲ್ಲ, ಯೇಸುಸ್ವಾಮಿಯ ಜೊತೆ. ತಾವೇ ಮಾಡಿದ ಹಲಸಿನ ಬಾಗಿಲನ್ನು ಕಿತ್ತು ಗಾಡಿಯಲ್ಲಿ ತಂದಿದ್ದಾರೆ. ಅದನ್ನು ನಿಲ್ಲಿಸಲು ಗೋಡೆ ಇನ್ನೂ ಆಗಿಲ್ಲ. ಸಂಜೆ ನಾನು ಜಪಸರ ಹಿಡಿದರೆ ಅವರು ಹೊರಗೆ ಹೋಗಿ ಬೀಡಿ ಹಚ್ಚುವರು. ಆದರೆ ಕಿವಿ ಮಾತ್ರ ಒಳಗೇ. ಒಂದು ದಿನ ನಾನು ಪ್ರಾರ್ಥನೆಯ ಒಂದು ಸಾಲು ತಪ್ಪಿದೆ. ಹೊರಗಿನಿಂದಲೇ ಕೂಗಿದರು: "ದಿನದ ಆಹಾರ ಕೇಳೋದನ್ನೇ ಬಿಟ್ಟೆಯಲ್ಲ! ನಮ್ಮ ಈಗಿನ ಸ್ಥಿತಿಗೆ ಅದನ್ನು ಬಿಡ್ತಾರೇನೇ?" ಆಮೇಲೆ ನಾನು ಬೇಕೆಂದೇ ತಪ್ಪುತ್ತಿದ್ದೆ. ಅವರು ತಿದ್ದುವರು, ಒಳಗೆ ಮಾತ್ರ ಬಾರರು.

ಹೋದ ವಾರ ಸಂಜೆ ಭಾರೀ ಗಾಳಿ ಎದ್ದಿತು. ಪಕ್ಕದ ಗುಡಿಸಲಿನ ಹುಲಿಯಮ್ಮನ ಸೂರು ಹಾರಿತು. ಅವಳೂ ನಮ್ಮ ಹಾಗೆ ಮುಳುಗಡೆಯವಳೇ. ತನ್ನ ಆಡುಗಳನ್ನು ಎಳೆದುಕೊಂಡು ನಮ್ಮಲ್ಲಿಗೆ ಓಡಿ ಬಂದಳು. ಸುಟ್ಟರೆ ಬಿರುಗಾಳಿ ಇಳಿಯುತ್ತದೆಂದು ನಾನು ಶಿಲುಬೆಯ ಹಿಂದೆ ಸಿಕ್ಕಿಸಿದ್ದ, ಗರಿಹಬ್ಬದಂದು ಚರ್ಚಿನಲ್ಲಿ ಮಂತ್ರಿಸಿ ಕೊಟ್ಟ ಗರಿಗೆ ಕೈ ಹಾಕಿದರೆ, ಅದರ ಕೊನೆಯ ತುಂಡು ಆಡಿನ ಬಾಯಲ್ಲಿ! ಅಷ್ಟರಲ್ಲಿ ನಮ್ಮ ತಗಡೂ ಒಂದು ಕಡೆಯಿಂದ ಏಳತೊಡಗಿತು. ನನಗೆ ಜ್ವರ ಬಂದು ಗಂಟಲು ಕಟ್ಟಿತ್ತು, ಜಪ ಹೇಳಲಾಗದೆ ಕಂಬಳಿ ಹೊದ್ದು ಕೂತೆ.

ಹುಲಿಯಮ್ಮ ನಿನ್ನಪ್ಪನ ಕೈ ಹಿಡಿದು, "ನಮ್ ದೇವ್ರು ನೀರಡಿಗೆ ಹೋದ. ನಿಮ್ ದೇವ್ರಿಗಾದ್ರೂ ಒಂದ್ ಮಾತು ಹೇಳಿ ಮಾರಾಯ್ರೆ" ಎಂದಳು.

ಅವರು ಆ ತಗಡಿಗೆ ಕಟ್ಟಿದ ಹಗ್ಗಕ್ಕೆ ಜೋತುಬಿದ್ದುಕೊಂಡೇ ಬಾಯಿ ತೆರೆದರು. ಪ್ರಾರ್ಥನೆಯಲ್ಲ ಲಿಲ್ಲಿ, ಬೈಗುಳ! "ಸ್ವಾಮೀ, ನೀನೂ ಬಡಗಿಯ ಮನೆಯಲ್ಲಿ ಬೆಳೆದವನು. ಮನೆ ಕಟ್ಟೋದು ಎಷ್ಟು ಕಷ್ಟ ಅಂತ ಗೊತ್ತಿಲ್ವಾ? ಒಂದನ್ನು ನೀರಿಗೆ ಕೊಟ್ಟೆ, ಇದನ್ನು ಗಾಳಿಗೆ ಕೊಡ್ತೀಯಾ?" ಗದರಿಸುತ್ತ ಗದರಿಸುತ್ತ ದನಿ ಒಡೆಯಿತು. ಆಮೇಲೆ, "ಹಗ್ಗ ಹಿಡಿಯಲು ನನ್ನ ಕೈಗೆ ಬಲ ಕೊಡು, ಈ ಹೆಂಗಸರನ್ನು ಕಾಪಾಡು" ಎಂದು ಮೆಲ್ಲಗೆ ಕೇಳಿಕೊಂಡರು.

ಗಾಳಿ ತಕ್ಷಣ ನಿಲ್ಲಲಿಲ್ಲ, ಸುಳ್ಳೇಕೆ ಹೇಳಲಿ. ಅವರೂ ಹಗ್ಗ ಬಿಡಲಿಲ್ಲ. ಹುಲಿಯಮ್ಮ ಮಾತ್ರ ಬೆರಗಾಗಿ, "ದೇವ್ರಿಗೆ ಹಿಂಗೂ ಬೈಬೌದಾ? ಹಂಗಾದ್ರೆ ಈ ಪೂಜೆ ನಂಗೂ ಬತ್ತದೆ" ಎಂದಳು. ನಿನ್ನಪ್ಪ ನಕ್ಕರು. ಊರು ಬಿಟ್ಟ ಮೇಲೆ ಅವರು ನಕ್ಕಿದ್ದು ಅದೇ ಮೊದಲು.

ಬೆಳಿಗ್ಗೆ ಎದ್ದವರೇ ಹುಲಿಯಮ್ಮನ ಸೂರು ಹೊದಿಸಿದರು, ಆಮೇಲೆ ನಮ್ಮದು. ಈಗ ಸಂಜೆ ಜಪಕ್ಕೆ ಅವರೇ ಮುಂದೆ. ನಡುನಡುವೆ ಜಗಳವೂ ಉಂಟು. ಅದು ಮುಗಿಯುವಷ್ಟರಲ್ಲಿ ಅನ್ನ ಆರಿಹೋಗುತ್ತದೆ.

ಸದಾ ನಿನ್ನ ನೆನೆಯುವ ಅಮ್ಮ,
ರೆಜಿನಾ

ಮರೆತಿದ್ದು: ಅಂದು ಅವರು ಬೈದ ಒಂದೊಂದು ಮಾತಿಗೂ ನಾನು ಕಂಬಳಿಯೊಳಗಿಂದ "ಆಮೆನ್" ಅನ್ನುತ್ತಿದ್ದೆ. ಎದೆ ಹಗುರಾಯಿತು, ಜ್ವರವೂ ಇಳಿಯಿತು. ಅಪ್ಪನಿಗೆ ಹೇಳಬೇಡ. ಮನೆಯಲ್ಲಿ ಒಬ್ಬರಾದರೂ ಅಲುಗದ ವಿಶ್ವಾಸಿ ಇದ್ದಾರೆಂದು ಅವರು ನಂಬಿಕೊಂಡಿದ್ದಾರೆ.