ದೇವದುರ್ಗದಲ್ಲಿ ನಿಮ್ಮ ರಾಜನ ಪಾತ್ರ

ರಾಯಚೂರು
೯ ಫೆಬ್ರುವರಿ ೨೦೨೫

ಪ್ರೀತಿಯ ಯಪ್ಪಾ,

ಮೊಣಕಾಲು ನೋವು ಹೇಗಿದೆ? ಗಂಟಲಿಗೆ ಬಿಸಿನೀರು ಕುಡಿಯುತ್ತೀರಿ ತಾನೆ? ಅವ್ವ ಆರಾಮವಾಗಿದ್ದಾಳೆ. ನೀವು ನಾಟಕ ಕಂಪನಿ ಸೇರಿ ಮನೆ ಬಿಟ್ಟಾಗ ಆರನೇ ತರಗತಿಯಲ್ಲಿದ್ದ ನಾನು ಈಗ ಇಲ್ಲಿನ ಪತ್ರಿಕೆಯೊಂದಕ್ಕೆ ನಾಟಕ ವಿಮರ್ಶೆ ಬರೆಯುತ್ತೇನೆ.

ಮೂರು ವಾರದಿಂದ ಪುರುಸೊತ್ತಿಲ್ಲ. ರಾಯಚೂರಿನ ಕಾಲೇಜು ಹುಡುಗಿಯರ ನಾಟಕದಲ್ಲಿ ಪಾಳೇಗಾರನ ಮೀಸೆ ಕಳಚಿ ಬಾಯಿಗೇ ಬಿತ್ತು; ಆ ಹುಡುಗಿ ಅದನ್ನು ಉಗುಳಿ ಮಾತು ಮುಂದುವರಿಸಿದಳು. ಹೊಗಳಿ ಬರೆದೆ. ಪೋತ್ನಾಳದಲ್ಲಿ ಮೈಕು ಕೆಟ್ಟಿತು; ಕನಕರಾಯ ಎಂಬ ಹಮಾಲ ಕೊನೆಯ ಸಾಲಿಗೂ ಕೇಳುವಂತೆ ಹಾಡಿದ. ಅವನನ್ನೂ ಹೊಗಳಿದೆ. ನಾನು ಕೆಟ್ಟವಳಲ್ಲ, ಅಷ್ಟು ತಿಳಿದಿರಲಿ.

ಆಮೇಲೆ ದೇವದುರ್ಗದಲ್ಲಿ ನಿಮ್ಮ ಕಂಪನಿಯ ಮಧ್ಯಾಹ್ನದ ಆಟ. ಅವ್ವನನ್ನೂ ಕರೆದೊಯ್ದೆ. ಇಪ್ಪತ್ತೆರಡು ವರ್ಷದ ನಂತರ ನಿಮ್ಮನ್ನು ನೋಡುವವಳಿದ್ದಳು. ಬೆಳಿಗ್ಗೆಯೇ ಎದ್ದು ಸಜ್ಜೆ ರೊಟ್ಟಿ ತಟ್ಟಿ ಕಟ್ಟಿಕೊಂಡಳು. ನೀವು ಮಾತು ಮರೆತಿರಿ. ಪರದೆಯ ಹಿಂದಿನಿಂದ ಹೇಳಿಕೊಡುವವನ ದನಿ ನಿಮ್ಮದಕ್ಕಿಂತ ದೊಡ್ಡದಾಗಿತ್ತು. ಜನ ನಕ್ಕರು. ಅವ್ವ ತಿರುಗಿ, "ಸುಮ್ನ ಕುಂದರ್ರಿ, ಆ ಪಾತ್ರನ ಹಂಗ ಅದ" ಎಂದು ಗದರಿದಳು.

ಆಟ ಮುಗಿದ ಮೇಲೆ ಒಳಗೆ ಬಂದು, ಬಳೆ ಸರಿಮಾಡಿಕೊಳ್ಳುತ್ತ ನಿಮ್ಮೆದುರು ನಿಂತಳು. ನೀವು, "ಯಾರವ್ವಾ? ಫೋಟೋ ಬೇಕಂದ್ರ ಹೊರಗ ನಿಂದ್ರು, ಬರ್ತೀನಿ" ಎಂದಿರಿ. ಅವ್ವ, "ಯಾರೂ ಅಲ್ರಿ. ಭಾಳ ಚಲೋ ಮಾಡಿದ್ರಿ" ಎಂದಳು. ರೊಟ್ಟಿಯನ್ನು ಬಸ್ಸಿನಲ್ಲಿ ಅಕ್ಕಪಕ್ಕದವರಿಗೆ ಹಂಚಿದಳು. ಅಳಲಿಲ್ಲ.

ನಾನು ಬರೆದೆ: ‘ರಾಜನಾಗಿ ಯಂಕೋಬ ಮಾತು ಮರೆಯುತ್ತಾರೆ, ಮನುಷ್ಯರನ್ನೂ ಮರೆಯುತ್ತಾರೆ. ಇವರನ್ನು ಇನ್ನು ಮನೆಗೆ ಕಳಿಸಬೇಕು, ಮನೆಯೊಂದಿದ್ದರೆ.’ ನಿಮ್ಮ ಮಾಲೀಕರು ಸತ್ತಾರ್ ಸಾಬ್ ಮೊನ್ನೆ ಫೋನ್ ಮಾಡಿದ್ದರು. "ನೀವು ಬರ್ದಿದ್ದು ಓದಿ ಮಾನ್ವಿ ಮಂದಿ ಮುದುಕ ಬ್ಯಾಡ ಅನ್ನಾಕತ್ತಾರ. ಏನ್ ಮಾಡ್ಲಿ ಮೇಡಂ?" ತೆಗೆಯಿರಿ ಎಂದೆ. ಹೀಗಾಗಿ ಮಾನ್ವಿಯ ಮುಂದಿನ ಆಟದಲ್ಲಿ ನಿಮಗೆ ಪಾತ್ರವಿಲ್ಲ.

ದೇಹ ಜೋಪಾನ. ಕಂಪನಿಯವರಿಗೆಲ್ಲ ನನ್ನ ನಮಸ್ಕಾರ ಹೇಳಿ.

ನಿಮ್ಮ ಮಗಳು,
ಶಶಿಕಲಾ

ತಾ.ಕ.: ಅಂದು ದೇವದುರ್ಗದಲ್ಲಿ ಬಸ್ಸು ಹತ್ತುವ ಮೊದಲೇ ಸತ್ತಾರ್ ಸಾಬ್ ನನ್ನನ್ನು ಬದಿಗೆ ಕರೆದು, ಎರಡು ವರ್ಷದಿಂದ ನಿಮಗೆ ಕಣ್ಣು ಕಾಣುವುದಿಲ್ಲ, ಹೆಜ್ಜೆ ಎಣಿಸಿ ರಂಗಕ್ಕೆ ಬರುತ್ತೀರಿ ಎಂದು ಹೇಳಿದ್ದರು. ಆಮೇಲೆಯೇ ನಾನು ವಿಮರ್ಶೆ ಬರೆದದ್ದು. ಅವ್ವನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಹೇಳಿದರೆ ಮರುದಿನವೇ ಬಂದು ನಿಮ್ಮನ್ನು ಕರೆತರುತ್ತಾಳೆ. ಇದನ್ನು ಕಂಪನಿಯವರು ಯಾರಾದರೂ ನಿಮಗೆ ಓದಿ ಹೇಳಬೇಕು. ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಲಿ ಎಂದೇ ಫೋನ್ ಮಾಡದೆ ಕಾಗದ ಬರೆದೆ.