ದೊಡ್ಡ ಹಡಗಿನ ಕಾವಲು

ಪ್ರೀತಿಯ ಅಮ್ಮ,

ನಿನ್ನ ಕಾಗದ, ಸ್ವೆಟರ್ ಎರಡೂ ತಲುಪಿದವು. "ಚಿಕ್ಕವನು ಬಂದರಿನ ದೋಣೀಲಿ ಆರಾಮಾಗಿದಾನೆ, ನಂಗೆ ನಿಂದೇ ಯೋಚನೆ" ಅಂತ ಬರೆದಿದ್ದೀಯ.

ನನ್ನ ಯೋಚನೆ ಬಿಡು. ನಮ್ಮ ಯುದ್ಧನೌಕೆಯ ಉಕ್ಕಿನ ಗೋಡೆ ಒಂದು ಮೊಳ ದಪ್ಪ. ಫಿರಂಗಿಯ ಗುಂಡು ಕಣ್ಣಿಗೆ ಕಾಣದಷ್ಟು ದೂರ ಹೋಗಿ ಬೀಳುತ್ತದೆ. ಇದು ಇಲ್ಲಿದೆ ಎಂದು ಗೊತ್ತಿದ್ದೇ ಶತ್ರುವಿನ ಹಡಗುಗಳು ಇತ್ತ ತಲೆ ಹಾಕುವುದಿಲ್ಲ. ಆದರೆ ಇದರ ಎಂಜಿನ್ನಿಗೆ ಎಷ್ಟು ಎಣ್ಣೆ ಸುರಿದರೂ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಪಕ್ಕಕ್ಕೆ ತಿರುಗಲೂ ಬಹಳ ಹೊತ್ತು ಬೇಕು. ಮುಳುಗಿದರೆ ದೇಶದ ಮಾನವೇ ಹೋದೀತೆಂದು ದೊಡ್ಡವರು ಇದನ್ನು ಬಂದರಿನಿಂದಾಚೆ ಕಳಿಸುವುದೇ ಇಲ್ಲ. ಫಿರಂಗಿ ಒರೆಸಿ ಒರೆಸಿ, ಉಂಡು ಉಂಡು ನಾನು ದಪ್ಪಗಾಗಿದ್ದೇನೆ.

ಇದನ್ನು ಕಾಯಲು ಸಣ್ಣ ದೋಣಿಗಳು ಸುತ್ತುತ್ತಿರುತ್ತವೆ. ನೀರಡಿಯಿಂದ ಹಡಗು ಒಡೆಯುವ ಟಾರ್ಪೆಡೊ ಬಂದರೆ ಅವು ಅಡ್ಡ ನಿಲ್ಲಬೇಕು. ತಮ್ಮನದು ಅಂಥದ್ದೇ ದೋಣಿ. ಅವನು ನಿನಗೆ ಹೇಳಿರಲಾರ.

ಸ್ವೆಟರ್ ನನಗೆ ಬಿಗಿ, ವಾಪಸ್ ಕಳಿಸಿದ್ದೇನೆ. ನಾನು ಕೊಟ್ಟರೆ ಅವನು ತೊಡುವುದಿಲ್ಲ. ತೋಳು ಸ್ವಲ್ಪ ಮೊಟಕು ಮಾಡಿ, ಅವನಿಗೆಂದೇ ಹೆಣೆದದ್ದೆಂದು ಬರೆದು ಕಳಿಸು. ಬೇಗ ಕಳಿಸು.

ದಿನಾ ಸಂಜೆ ಅವನ ದೋಣಿ ನಮ್ಮ ಪಕ್ಕದಲ್ಲೇ ಹಾದುಹೋಗುತ್ತದೆ. ಕೆಳಗಿನಿಂದ ಕತ್ತೆತ್ತಿ ಕೂಗುತ್ತಾನೆ: "ಅಣ್ಣಾ, ಹುಷಾರಾಗಿರು!"

ನಿನ್ನ ದೊಡ್ಡ ಮಗ